ಹದಿನಾಲ್ಕನೆಯದು

ಸ್ಟೌ ರಿಪೇರಿ ನಿಂತ ಮೇಲೆ
ಕೈಗೆ ಏನಾದರೂ ಬೇಕಿತ್ತು.
ಸೀಮೆಎಣ್ಣೆ ವಾಸನೆ ಬಿಟ್ಟುಹೋದ ಕೈ
ಬೇರೆ ಯಾರದೋ ಅನ್ನಿಸುತ್ತಿತ್ತು.

ಮೊದಲನೆಯದು ಆಂಡರ್‌ಸನ್‌ಪೇಟೆಯ ಗುಜರಿಯಲ್ಲಿ
ಖಲೀಲ್ ಸಾಬರ ತಕ್ಕಡಿ ಪಕ್ಕ
ಸೈಕಲ್ ಪೆಡಲ್ಲುಗಳ ರಾಶಿಯಲ್ಲಿ ಕೂತಿತ್ತು.
ಹಿತ್ತಾಳೆ ಮೈ, ಮುಚ್ಚಳದ ಚಿಲಕಕ್ಕೊಂದು ಹುಂಜ,
ಕೊಕ್ಕು ಮುರಿದದ್ದು.
"ಕೆಜಿ ಲೆಕ್ಕ. ಹುಂಜಕ್ಕೆ ಬೇರೆ ರೇಟಿಲ್ಲ" ಅಂದರು.
ಬಂಗಾರಪೇಟೆಯ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.
ಎದುರು ಸೀಟಿನ ಮಗು ಊರು ಬರುವ ತನಕ
ಹುಂಜವನ್ನು ಕೂಗಿಸಲು ನೋಡಿತು.

ಆಮೇಲೆ ನಿಲ್ಲಲಿಲ್ಲ.
ಮಾಲೂರಿನ ದರ್ಜಿಯದು, ಎತ್ತಿದರೆ ಮೊಣಕೈ ಬೈಯುವಂಥದು;
ಕಾಮಸಮುದ್ರದಲ್ಲಿ ಬಾಗಿಲು ಬಡಿಯದ ಹಾಗೆ
ಒತ್ತಾಗಿ ಇಟ್ಟಿದ್ದ ಹೊಗೆಕೊಳವೆಯದು;
ಮಾರಿಕುಪ್ಪಂನಲ್ಲಿ ಒಂದು ಬಂಗಲೆ ಖಾಲಿ ಮಾಡುವಾಗ ಸಿಕ್ಕ
ಸೀಮೆಎಣ್ಣೆಯದು. ಬೆನ್ನ ಹಿಂದೆ ನಿಂಬೆಹಣ್ಣಿನಷ್ಟು ಟ್ಯಾಂಕು,
ಹೊಟ್ಟೆಯೊಳಗೆ ಸಾಲು ತೂತು.

ಬಿಚ್ಚಿದಾಗ ನಗು ಬಂತು.
ಪಂಪ್ ಸ್ಟೌವನ್ನೇ ಅಡ್ಡ ಮಲಗಿಸಿದ್ದಾರೆ!
ಅದೇ ನಿಪ್ಪಲ್ಲು, ಅದೇ ವಾಷರು, ಅದೇ ಕಟ್ಟುವ ಮೂಗು.
ಪಿನ್ನು ಹಾಕಿ, ಸ್ಪಿರಿಟ್ ಹನಿಸಿ, ಕಡ್ಡಿ ಗೀರಿ, ಗಾಳಿ ಹೊಡೆದೆ.
ನೀಲಿ ಹಲ್ಲುಗಳೆದ್ದವು. ಸುಯ್ಯೆಂದಿತು.
ಆ ಸದ್ದು!
ಸಂಜೆ ಆರಕ್ಕೆ ನಮ್ಮ ಬೀದಿಯ ಮನೆಗಳೆಲ್ಲ
ಒಂದೇ ಉಸಿರಲ್ಲಿ ಸುಯ್‌ಗುಟ್ಟುತ್ತಿದ್ದವು,
ಯಾರ ಮನೆಯದು ಕೆಮ್ಮಿದರೂ
ಕೂತಲ್ಲೇ ನನಗೆ ಗೊತ್ತಾಗುತ್ತಿತ್ತು.
"ಮನೆ ಸುಟ್ಟೀರಿ" ಎಂದಳು ಹೆಂಡತಿ ಹೊಸ್ತಿಲಾಚೆ ನಿಂತು.
ಸ್ವಲ್ಪ ಹೊತ್ತಿಗೆ ತನ್ನದೊಂದು ರವಿಕೆ ತಂದು ಕೊಟ್ಟಳು.

ಹುಣಸೆಹಣ್ಣು, ಬೂದಿ, ತೆಂಗಿನ ನಾರು.
ಹದಿಮೂರನ್ನೂ ಮುಖ ಕಾಣುವಂತೆ ತಿಕ್ಕಿ
ಹಲಗೆಗೆ ನಂಬರು ಬರೆದು ಸಾಲಾಗಿ ಇಟ್ಟೆ,
ದಡಕ್ಕೆಳೆದ ದೋಣಿಗಳ ಹಾಗೆ ಅನ್ನಬಹುದು;
ಹೊಳೆಯಿಲ್ಲದ ಊರಿನವನು, ದೋಣಿಯ ವಿಷಯ ಗ್ಯಾರಂಟಿ ಇಲ್ಲ.

ಹದಿನಾಲ್ಕನೆಯದನ್ನು ಗಂಗುಲಮ್ಮನೇ ಹೊತ್ತು ತಂದಳು,
ರೈಲ್ವೆ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವಳು.
ಗ್ಯಾಸ್ ಪೆಟ್ಟಿಗೆ ಬಂದಿದೆ, ಇನ್ನು ಇದ್ದಿಲು ಯಾಕೆ ಎಂದಳು.
ಸೀಮೆಎಣ್ಣೆಯದನ್ನು ತಿರುಗಿಸಿ ನೋಡಿ
"ನಮ್ಮ ಗ್ಯಾಸಿಂದರ ಅಜ್ಜಿ ಇದು" ಎಂದು ನಕ್ಕಳು.
ಮಿಕ್ಕವನ್ನು ನೋಡಿ ನಗಲಿಲ್ಲ.
"ಇಷ್ಟು ತಿಕ್ಕಿದ್ದೀರ. ಸುಡೋದನ್ನೇ ಮರ್ತಿರ್ತವೆ."
ಕೊಡುವ ಮುಂಚೆ, ರೂಢಿ,
ನಾಲಿಗೆಗೆ ಬೆರಳದ್ದಿ ತಳಕ್ಕೆ ಮುಟ್ಟಿಸಿದಳು.
ಚುಂಯ್ ಅನ್ನಲಿಲ್ಲ.
ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟಳು.

ಹಿಡಿಯನ್ನು ಅವಳ ಗಂಡ ಪಿಳ್ಳಪ್ಪ ಹುಣಸೆಮರದಲ್ಲಿ ಕೆತ್ತಿದ್ದಂತೆ.
ಎಡಗೈಯವನು. ಹೆಬ್ಬೆರಳ ಗುಳಿ ಆಚೆ ಪಕ್ಕಕ್ಕಿದೆ.
ನಲವತ್ತು ವರ್ಷ ಇವಳು ಬಲಗೈಯಲ್ಲೇ ಹಿಡಿದು
ಈಚೆಗೂ ಒಂದು ಗುಳಿ ಮಾಡಿದ್ದಾಳೆ.
ದುಡ್ಡೆಣಿಸಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು.
ಅದನ್ನು ನಾನು ತಿಕ್ಕಲಿಲ್ಲ.

ಮೂರು ವಾರಕ್ಕೆ, ಬೆಳಗಿನ ಐದೂವರೆಗೆ, ಬಾಗಿಲು ಬಡಿದಳು.
ಸಿಲಿಂಡರ್ ಮುಗಿದಿದೆ, ಮದುವೆಮನೆಯ ಅರವತ್ತು ಪಂಚೆ ಇವೆ.
"ನಮ್ದು ಕೊಡಿ."
ಮಾರಿದ್ದು ಇಬ್ಬರಿಗೂ ನೆನಪಿತ್ತು. ಕೊಟ್ಟೆ.
ಸಂಜೆ ಮೊಮ್ಮಗ ತಂದು ಹಲಗೆಯ ಮೇಲಿಟ್ಟು ಆಟಕ್ಕೆ ಓಡಿದ,
ಕೆಂಡ ಚೆಲ್ಲಿರಲಿಲ್ಲ.
ವಾಸನೆಗೆ ಎದ್ದು ಬಂದಾಗ
ನಂಬರು ಹೋಗಿತ್ತು. ಹಲಗೆಯಲ್ಲಿ ಕಪ್ಪಗೆ
ಅದರದೇ ಆಕಾರ, ಮೂತಿ ಸಮೇತ.

ಈಗ ತಿಂಗಳಿಗೆರಡು ಸಲವಾದರೂ ಆ ಜಾಗ ಖಾಲಿ.
ನೋಡಲು ಬಂದವರು ಸುಟ್ಟ ಗುರುತಿಗೆ ಬೆರಳಿಟ್ಟು
ಇಲ್ಲೇನಿತ್ತು ಎಂದು ಕೇಳುತ್ತಾರೆ.
ಕೆಲಸಕ್ಕೆ ಹೋಗಿದೆ ಎನ್ನುತ್ತೇನೆ.